ಕಾಫಿ ಭಟ್ಟರು ಆರಿಸಿದ ಸ್ಪೀಕರ್

ಮನುಷ್ಯನಿಗೆ ದೇವರು ಕೊಟ್ಟ ಇಂದ್ರಿಯಗಳಲ್ಲಿ ಕಿವಿಯಷ್ಟು ನಿಷ್ಪಕ್ಷಪಾತವಾದದ್ದು ಇನ್ನೊಂದಿಲ್ಲ. ಕಣ್ಣು ಬಣ್ಣಕ್ಕೆ ಮರುಳಾಗುತ್ತದೆ, ನಾಲಗೆ ರುಚಿಗೆ ಸೋಲುತ್ತದೆ. ಕಿವಿಯೊಂದೇ ಬಂದದ್ದನ್ನು ಬಂದ ಹಾಗೆ ಒಳಗೆ ಬಿಟ್ಟುಕೊಳ್ಳುತ್ತದೆ. ಇದು ಬಹಳ ಗಂಭೀರವಾದ ಮಾತು. ಇದನ್ನು ನಾನು ಹಲವು ವರ್ಷ ದಿನಕ್ಕೆ ನಾಲ್ಕೈದು ಸಲ ಹೇಳುತ್ತಿದ್ದೆ, ಏಕೆಂದರೆ ಆಗ ನಾನು ಮದರಾಸಿನ ಮೌಂಟ್ ರೋಡಿನ ಒಂದು ಅಂಗಡಿಯಲ್ಲಿ ರೇಡಿಯೋ ಮಾರುತ್ತಿದ್ದೆ.

ಹೋದ ವಾರ ಮೊಮ್ಮಗಳು ಪುಸ್ತಕದ ಕಪಾಟಿನಲ್ಲಿಡುವ ಒಂದು ಜೊತೆ ಸ್ಪೀಕರ್ ತರಿಸಿದಳು. ಆ ಜಾತಿಯಲ್ಲಿ ಇದಕ್ಕಿಂತ ಅಗ್ಗದ್ದು ಇಲ್ಲವಂತೆ. ರಟ್ಟಿನ ಪೆಟ್ಟಿಗೆ ಬಿಚ್ಚಿದೊಡನೆ ಹೊಸ ಹಲಗೆ, ಅಂಟು, ಬಿಗಿದ ಬಟ್ಟೆ ಎಲ್ಲ ಸೇರಿದ ವಾಸನೆ ಹೊರಗೆ ಬಂತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಸೊಸೆ ಕಾಫಿಪುಡಿಯ ಮೇಲೆ ಬಿಸಿನೀರು ಸುರಿದಳು. ಈ ಎರಡು ವಾಸನೆಗಳನ್ನು ಒಟ್ಟಿಗೆ ನಾನು ಬೇರೆ ಒಂದೇ ಒಂದು ಜಾಗದಲ್ಲಿ ಮೂಸಿದ್ದೆ. ಅದು ಮದರಾಸಿನ ತಿರುವಲ್ಲಿಕೇಣಿಯ ಒಂದು ಉಡುಪಿ ಹೋಟೆಲು, ಕಾಫಿ ಭಟ್ಟರ ಕಿಂಡಿಯ ಎದುರು...

“ತಾತಾ, ನೀಂಗ ರೇಡಿಯೋ ಕಡೈಲ ಇರುಂದೀಂಗಲ್ಲ, ಕೇಟ್ಟು ಸೊಲ್ಲುಂಗ,” ಎಂದಳು ಮೊಮ್ಮಗಳು. ಮನೆಯಲ್ಲಿ ನಾವು ಕನ್ನಡದಲ್ಲಿ ಮಾತಾಡುತ್ತೇವೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಹಾಗೆಂದು ಒಪ್ಪಂದವಾಗಿದೆ. ರೇಡಿಯೋ ಅಂಗಡಿಯಲ್ಲಿದ್ದವನಲ್ಲವೇ, ದನಿ ಹೇಗಿದೆ, ಕೊಟ್ಟ ಹಣಕ್ಕೆ ತಕ್ಕದ್ದೇ, ಕೇಳಿ ಹೇಳು ಎಂಬುದು ಅವಳ ತಾತ್ಪರ್ಯ. ಹಿಡಿಸದಿದ್ದರೆ ಹತ್ತು ದಿನದೊಳಗೆ ಹಿಂದಿರುಗಿಸಬಹುದಂತೆ. ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸಲು ಅದರಲ್ಲಿ ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಮ್ಮದು ಮೈಸೂರು ಕಡೆಯ ಮನೆತನ, ಮದರಾಸಿಗೆ ಬಂದು ಎರಡು ತಲೆಮಾರಾಗಿತ್ತು. ನಾನು ಅಂಗಡಿಗೆ ಹೋಗುವ ಮುಂಚೆ ದಿನವೂ ಬೆಳಿಗ್ಗೆ ಏಳೂವರೆಗೆ ಆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಕಾಫಿ ಭಟ್ಟರು ಎಂದರೆ ಕಾಫಿ ಒಲೆಯ ಮುಂದೆ ನಿಲ್ಲುವವರು. ಅನ್ನ ಸಾರಿನ ಭಟ್ಟರು ಬೇರೆ, ತಿಂಡಿಯ ಭಟ್ಟರು ಬೇರೆ; ಇವರು ಕಾಫಿಯೊಂದನ್ನು ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಆಚೆ ಅವರು, ಈಚೆ ನಾವು. ಇಪ್ಪತ್ತೆರಡು ವರ್ಷದಿಂದ ಅವರು ಆಚೆಯೇ ಇದ್ದರು. ಗಿರಾಕಿಗಳಿಗೆಲ್ಲ ಅವರು ಎದೆಯಿಂದ ಮೇಲಕ್ಕೆ ಮಾತ್ರ ಪರಿಚಯ.

ಆ ಹೋಟೆಲಿನಲ್ಲಿ ಚೀಟಿ ಬರೆಯುವ ಪದ್ಧತಿ ಇರಲಿಲ್ಲ. ಸರ್ವರ್ ಮೇಜಿನ ಹತ್ತಿರವೇ ನಿಂತು ಕಿಂಡಿಯ ಕಡೆಗೆ ಕೂಗುತ್ತಿದ್ದ: ಎರಡು ಕಾಫಿ, ಒಂದು ಸ್ಟ್ರಾಂಗ್, ಒಂದು ಸಕ್ಕರೆ ಇಲ್ಲದ್ದು. ನಾಲ್ಕು ಜನ ಸರ್ವರ್‌ಗಳು ನಾಲ್ಕು ಮೂಲೆಗಳಿಂದ ಕೂಗಿದ್ದೆಲ್ಲ ಭಟ್ಟರ ಕಿವಿಗೆ ಬಿದ್ದು, ಅಲ್ಲಿ ಸಾಲಾಗಿ ನಿಂತು, ಸರದಿ ತಪ್ಪದೆ ಡಬರಾ ಲೋಟಗಳಾಗಿ ಹೊರಗೆ ಬರುತ್ತಿದ್ದವು. ಒಂದೇ ಒಂದು ತಪ್ಪು ಆದದ್ದನ್ನು ಯಾರೂ ಕಂಡಿರಲಿಲ್ಲ. ಹೋಟೆಲಿನ ಧಣಿಗಳು ಗಲ್ಲಾದಲ್ಲಿ ಕೂತು, ಬೇರೆಯವರು ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿದ್ದನ್ನು ಹೇಳಿಕೊಳ್ಳುವ ಹಾಗೆ, ನಮ್ಮ ಭಟ್ರ ಕಿವಿ, ನಮ್ಮ ಭಟ್ರ ಕಿವಿ ಎಂದು ಹೊಸ ಗಿರಾಕಿಗಳಿಗೆ ಹೇಳಿಕೊಳ್ಳುತ್ತಿದ್ದರು. ಯಾವನಾದರೂ ಸರ್ವರ್ ಸ್ವಲ್ಪ ಮೆತ್ತಗೆ ಕೂಗಿದರೆ ಕಿಂಡಿಯಿಂದ ಭಟ್ಟರ ತಲೆ ಹೊರಗೆ ಬರುತ್ತಿತ್ತು. “ಬಾಯೊಳಗೆ ಅವಲಕ್ಕಿ ಉಂಟಾ? ನುಂಗಿ ಬಂದು ಹೇಳು.” ನಾವು ನಗುತ್ತಿದ್ದೆವು. ಕಸುಬಿನಲ್ಲಿ ಎಷ್ಟು ಕಟ್ಟುನಿಟ್ಟು ಎಂದು ಮೆಚ್ಚಿಕೊಳ್ಳುತ್ತಿದ್ದೆವು.

ಅವರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ಹೋಟೆಲಿನ ಮಹಡಿಯಲ್ಲಿ ಒಂದು ಚಾಪೆ, ಒಂದು ಟ್ರಂಕು. ಊರಿಗೆ ಹೋಗುವುದಿಲ್ಲವೇ ಭಟ್ರೇ ಎಂದು ಒಂದು ಭಾನುವಾರ ಕಿಂಡಿಯ ಎದುರು ನಿಂತು ಕೇಳಿದ್ದೆ. “ಊರಿಗಾ? ಅಲ್ಲಿ ಅಣ್ಣನ ಮನೆ ಉಂಟು ಮಾರಾಯ್ರೆ. ಹೋದ್ರೆ ಬಂದದ್ದು ಯಾವಾಗ ಅಂತ ಒಬ್ಬರೂ ಕೇಳುದಿಲ್ಲ, ಹೊರಡುದು ಯಾವಾಗ ಅಂತ ಕೇಳ್ತಾರೆ. ಇಲ್ಲಿ ನಾನು ಹತ್ತು ನಿಮಿಷ ಕಾಣದಿದ್ರೆ ಇಡೀ ಹೋಟೆಲು, ಭಟ್ರು ಎಲ್ಲಿ, ಭಟ್ರು ಎಲ್ಲಿ ಅಂತ ಹುಡುಕ್ತದೆ.” ಇಷ್ಟು ಹೇಳಿ ತಮ್ಮ ಕಾಫಿಯನ್ನು ತಾವೇ ಆರಿಸಿಕೊಂಡು ಕುಡಿದರು. ಒಲೆಯ ಮುಂದಿನ ಆ ಮೂರಡಿ ಜಾಗ ಬಿಟ್ಟರೆ ಭೂಮಿಯ ಮೇಲೆ ಅವರಿಗಾಗಿ ಯಾರೂ ಕಾಯುವ ಜಾಗ ಇರಲಿಲ್ಲ.

ಹೀಗಿರುವಾಗ ಬೀದಿಯ ತಿರುವಿನ ಇನ್ನೊಂದು ಹೋಟೆಲಿನವರು ಗೋಡೆಗೆ ಸ್ಪೀಕರ್ ಹಾಕಿಸಿ ಇಡ್ಲಿಯ ಜೊತೆ ಸಂಗೀತವನ್ನೂ ಬಡಿಸತೊಡಗಿದರು. ಇಡ್ಲಿ ಮುಂಚಿನಷ್ಟೇ ಗಟ್ಟಿಯಾಗಿತ್ತು, ಜನ ಮಾತ್ರ ಹೆಚ್ಚಾದರು. ನಮ್ಮ ಧಣಿಗಳು ಒಂದು ವಾರ ಇದೆಲ್ಲ ಕಲಿಗಾಲದ ಲಕ್ಷಣ ಎಂದರು. ಎರಡನೆಯ ವಾರ ನನ್ನನ್ನು ಗಲ್ಲಾದ ಹತ್ತಿರ ಕರೆದರು. ಅಲ್ಲಿ ಅವರದೊಂದು ಹಳೆಯ ರೇಡಿಯೋ ಇತ್ತು. ಅದರಿಂದ ತಂತಿ ಎಳೆದು, ಕಾಫಿ ಕಿಂಡಿಯ ನೆತ್ತಿಯಲ್ಲಿ ಪಂಚಾಂಗಗಳೂ ಒಂದಿಷ್ಟು ಹಳೆಯ ಪುಸ್ತಕಗಳೂ ಇದ್ದ ಗೂಡಿನಲ್ಲಿ ಒಂದು ಸ್ಪೀಕರ್ ಇಡಬೇಕು. ಬೇರೆ ಕಡೆಯೂ ಇಡಬಹುದಿತ್ತು, ಆದರೆ ಉಳಿದ ಗೋಡೆಗಳಲ್ಲೆಲ್ಲ ದೇವರುಗಳಿದ್ದರು.

“ದೊಡ್ಡದೆಲ್ಲ ಬೇಡ ರೇಡಿಯೋದವರೇ. ಇದ್ದದ್ರಲ್ಲಿ ಸಣ್ಣದು ಸಾಕು. ಆದ್ರೆ ಕೆಟ್ಟದ್ದು ಬೇಡ. ನಿಮ್ಮ ಕಂಪನಿ ಕಾಗದ ನನಗೆ ತೋರಿಸಬೇಡಿ, ನನಗೆ ಅದು ಅರ್ಥ ಆಗುದಿಲ್ಲ. ನಮ್ಮ ಭಟ್ರು ಕೇಳ್ತಾರೆ, ಅವರು ಹೇಳಿದ್ದು ಸರಿ.”

ಬೇರೆ ಯಾರಾದರೂ ಆಗಿದ್ದರೆ ಸಂಗೀತದ ಮೇಷ್ಟರನ್ನೋ ಮೆಕ್ಯಾನಿಕ್ಕನ್ನೋ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕಾಫಿ ಆರ್ಡರಿನಲ್ಲಿ ತಪ್ಪದ ಕಿವಿ ಸ್ಪೀಕರಿನಲ್ಲಿ ತಪ್ಪುತ್ತದೆಯೇ ಎಂದು ಆ ಹೋಟೆಲಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನನಗೂ ಬರಲಿಲ್ಲ.

ಈಗ ನನ್ನ ಕಸುಬಿನ ಒಂದು ಗುಟ್ಟನ್ನು ಹೇಳಬೇಕು. ಗಿರಾಕಿಯ ಮುಂದೆ ಒಂದು ಸ್ಪೀಕರ್ ಇಟ್ಟರೆ ಬೇಡ ಎನ್ನುತ್ತಾನೆ. ಎರಡು ಇಟ್ಟರೆ ಹೆಂಡತಿಯನ್ನು ಕೇಳಿ ಬರುತ್ತೇನೆ ಎನ್ನುತ್ತಾನೆ. ಆದ್ದರಿಂದ ಮೂರು ಇಡಬೇಕು: ಒಂದು ಅವನ ಕೈಗೆ ಎಟುಕದ್ದು, ಒಂದು ನಾವು ಮಾರಬೇಕೆಂದಿರುವುದು, ಇನ್ನೊಂದು ಯಾರೂ ಕೊಳ್ಳಬಾರದ್ದು. ಮೂರನೆಯದನ್ನು ಕೇಳಿದವನು ಓಡಿಬಂದು ಎರಡನೆಯದನ್ನು ಅಪ್ಪಿಕೊಳ್ಳುತ್ತಾನೆ. ಈ ಸೇವೆಗೆಂದೇ ನಮ್ಮ ಅಂಗಡಿಯಲ್ಲಿ ಒಂದು ಪೆಟ್ಟಿಗೆಯನ್ನು ಸಾಕಿಕೊಂಡಿದ್ದೆವು. ಅದರೊಳಗಿನ ಕಾಗದದ ಕೋನ್ ಎಂದೋ ಹರಿದು, ಮೆಕ್ಯಾನಿಕ್ ಅದಕ್ಕೆ ದಪ್ಪ ಕಾಗದ ಮೆತ್ತಿದ್ದ. ಅದರಲ್ಲಿ ಸುದ್ದಿ ಓದುವವರು ಕಂಬಳಿ ಹೊದ್ದುಕೊಂಡು ಓದುತ್ತಿದ್ದರು. ವೀಣೆಯ ಮೀಟು ಕೇಳುತ್ತಿರಲಿಲ್ಲ, ಮೀಟಿದ ಮೇಲೆ ಉಳಿಯುವ ಗುಂಯ್ ಎನ್ನುವುದಷ್ಟೇ ಕೇಳುತ್ತಿತ್ತು. ನಾವು ಅದಕ್ಕೆ ಇಟ್ಟ ಹೆಸರು ಸೋದರಮಾವ. ಹೆಣ್ಣು ನೋಡಲು ಹೋಗುವಾಗ, ಹುಡುಗ ಚೆಲುವನಾಗಿ ಕಾಣಲೆಂದು ಪಕ್ಕದಲ್ಲಿ ಕೂರಿಸಲು ಒಬ್ಬ ಸೋದರಮಾವನನ್ನು ಕರೆದೊಯ್ಯುತ್ತಾರಲ್ಲ, ಹಾಗೆ. ಎಷ್ಟೋ ಸಂಬಂಧ ಕುದುರಿಸಿದ ಪೆಟ್ಟಿಗೆ. ತಾನೇ ವರನಾಗುವ ಆಸೆಯನ್ನು ಅದು ಎಂದೂ ತೋರಿಸಿರಲಿಲ್ಲ.

ಮೂರು ಪೆಟ್ಟಿಗೆಗಳೂ ನಾನೂ ಒಂದೇ ಕೈರಿಕ್ಷಾದಲ್ಲಿ ಹೋಟೆಲಿಗೆ ಹೋದೆವು. ಊಟ ಮುಗಿದು ತಿಂಡಿ ಶುರುವಾಗುವುದರ ನಡುವಿನ, ಮಧ್ಯಾಹ್ನ ಮೂರು ಗಂಟೆ ಹೊತ್ತಿನ ಬಿಡುವು. ನಾಲ್ಕೈದು ಗಿರಾಕಿಗಳಿದ್ದರು. ಭಟ್ಟರು ಮಡಿಸಿಟ್ಟ ಪಂಚೆ ಉಟ್ಟು, ಹಣೆಗೆ ಗಂಧವಿಟ್ಟು ಅಡುಗೆಮನೆಯಿಂದ ಹೊರಗೆ ಬಂದರು. ಅವರನ್ನು ಪೂರ್ತಿಯಾಗಿ ನಾನು ನೋಡಿದ್ದು ಅಂದೇ ಮೊದಲು. ನಾನು ತಿಳಿದದ್ದಕ್ಕಿಂತ ಒಂದು ಗೇಣು ಕುಳ್ಳಗಿದ್ದರು. ಕಿಂಡಿಯ ಹಿಂದೆ ಹಲಗೆಯ ಮೇಲೆ ನಿಲ್ಲುತ್ತಿದ್ದರಂತೆ. ಧಣಿಗಳು ತಮ್ಮ ಕುರ್ಚಿಯನ್ನು ಅವರಿಗೆ ಬಿಟ್ಟುಕೊಟ್ಟರು. ಜಡ್ಜಿಗೆ ಎದ್ದು ನಿಂತ ಹಾಗೆ ನಾವೆಲ್ಲ ನಿಂತೆವು.

ಮೊದಲು ಎಲ್ಲಕ್ಕಿಂತ ಒಳ್ಳೆಯ ಸ್ಪೀಕರಿಗೆ ತಂತಿ ಜೋಡಿಸಿ, ರೇಡಿಯೋದ ಗುಂಡಿ ತಿರುಗಿಸಿದೆ. ಆಗಿನ ರೇಡಿಯೋಗಳು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಶಿಳ್ಳೆ ಹಾಕುತ್ತಿದ್ದವು. ಅಂದಿನವರಿಗೆ ನೆನಪಿರುತ್ತದೆ, ಹಲ್ಲಿನ ಬೇರಿಗೆ ತಾಗುವಂಥ ಶಿಳ್ಳೆ. ಒಳ್ಳೆಯ ಸ್ಪೀಕರಾದ್ದರಿಂದ ಅದು ಶಿಳ್ಳೆಯನ್ನು ಒಂದಿಷ್ಟೂ ಕಳೆಯದೆ ಹೊರಗೆ ಹಾಕಿತು. ಧಣಿಗಳು ಎರಡೂ ಕಿವಿ ಮುಚ್ಚಿಕೊಂಡರು. ಮೂಲೆಯ ಗಿರಾಕಿಯ ಕೈಯಿಂದ ಲೋಟ ಜಾರಿತು. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಬೀದಿಗೆ ಹೋಯಿತು.

ಭಟ್ಟರು ಪೆಟ್ಟಿಗೆಯಿಂದ ಒಂದು ಮೊಳ ದೂರದಲ್ಲಿ ಕೂತಿದ್ದರು. ನನ್ನ ಮುಖವನ್ನೇ ನೋಡುತ್ತ, ಗಂಭೀರವಾಗಿ ಕೇಳಿದರು: “ಶುರು ಮಾಡಿದ್ರಾ?”

ಎಲ್ಲರೂ ನಕ್ಕರು. ಭಟ್ಟರ ತಮಾಷೆ ಎಂದುಕೊಂಡರು. ಧಣಿಗಳಿಗಂತೂ ನಕ್ಕು ನಕ್ಕು ಕೆಮ್ಮು ಬಂತು. ನಾನೂ ನಗಲು ಬಾಯಿ ತೆರೆದೆ... ಆದರೆ ಒಬ್ಬ ನಗುತ್ತಿರಲಿಲ್ಲ. ಹೋಟೆಲಿನ ಹಳೆಯ ಸರ್ವರ್. ಭಟ್ಟರ ಊರಿನ ಕಡೆಯವನು, ಅವರ ಹಿಂದೆಯೇ ಮದರಾಸಿಗೆ ಬಂದವನು. ಅವನು ನನ್ನನ್ನು ನೋಡಿ, ಬೇಡ ಎನ್ನುವ ಹಾಗೆ, ತಲೆಯನ್ನು ಒಂದೇ ಒಂದು ಸಲ ಅಲ್ಲಾಡಿಸಿದ. ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಪರೀಕ್ಷೆ ಮುಂದುವರಿಯಿತು. ಮಧ್ಯಾಹ್ನದ ಪ್ರಸಾರದಲ್ಲಿ ಯಾರೋ ವೀಣೆ ನುಡಿಸುತ್ತಿದ್ದರು. ಭಟ್ಟರು ಒಂದೊಂದು ಪೆಟ್ಟಿಗೆಯ ನೆತ್ತಿಯ ಮೇಲೂ ಅಂಗೈ ಊರಿ, ಕಣ್ಣು ಮುಚ್ಚಿ ಕೂತರು. ಹಾಲಿನ ಪಾತ್ರೆಯ ಬಿಸಿ ನೋಡುವವರಂತೆ. ಮೊದಲನೆಯದಕ್ಕೆ ಬೇಗ ಕೈ ತೆಗೆದರು. ಎರಡನೆಯದಕ್ಕೆ ಸ್ವಲ್ಪ ಹೊತ್ತು ಇಟ್ಟರು. ಸೋದರಮಾವನ ಮೇಲೆ ಇಟ್ಟ ಕೈ ಅಲ್ಲೇ ಉಳಿಯಿತು. ಅದರ ಹಲಗೆ ಸಡಿಲವಾಗಿದ್ದರಿಂದ ಇಡೀ ಪೆಟ್ಟಿಗೆ ನಡುಗುತ್ತಿತ್ತು. ಅವರ ಮುಖದಲ್ಲಿ ಒಂದು ನೆಮ್ಮದಿ ಬಂತು, ಬಹಳ ದಿನದ ಮೇಲೆ ಪರಿಚಯದವರು ಸಿಕ್ಕಿದ ಹಾಗೆ...

“ಮೊದಲಿನದ್ದು ತೆಳು. ನೀರು ಹಾಲು ಇದ್ದ ಹಾಗೆ,” ಎಂದರು ಕಣ್ಣು ತೆರೆದು. “ಎರಡನೇದ್ದು ಪರವಾಗಿಲ್ಲ, ಆದ್ರೆ ಎರಡನೇ ಸರ್ತಿ ಇಳಿಸಿದ ಡಿಕಾಕ್ಷನ್ನು. ಇದು ನೋಡಿ, ಫಸ್ಟ್. ಮೈಗೆ ಹಿಡೀತದೆ.”

ಸೋದರಮಾವ ಗೂಡಿನೊಳಗಿನ ಗೂಬೆಯಂತೆ ಗೊರಗುಟ್ಟುತ್ತಿದ್ದುದನ್ನು ಎಲ್ಲರೂ ಕೇಳಿದ್ದರು. ಧಣಿಗಳ ಹುಬ್ಬು ಒಂದು ಕ್ಷಣ ಮೇಲೆ ಹೋಯಿತು. ಆದರೆ ಕಿವಿ ತೀರ್ಪು ಕೊಟ್ಟಾಗಿತ್ತು. ಅಲ್ಲದೆ ಮೂರರಲ್ಲಿ ಅಗ್ಗದ್ದೂ ಅದೇ ಆಗಿತ್ತು. ಹುಬ್ಬು ತನ್ನ ಜಾಗಕ್ಕೆ ಇಳಿಯಿತು. ನಮಗೆಲ್ಲ ಏನು ಗೊತ್ತಾಗ್ತದೆ, ಭಟ್ರು ಹೇಳಿದ ಮೇಲೆ ಮುಗೀತು ಎಂದರು. ಗಿರಾಕಿಗಳೂ ಹೌದು ಹೌದು, ಕೇಳ್ತಾ ಕೇಳ್ತಾ ಚೆನ್ನಾಗಿದೆ ಎಂದರು.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಇದು ಹಾಳು ಪೆಟ್ಟಿಗೆ ಎಂದರೆ, ಹಾಳಾದದ್ದನ್ನು ಏಕೆ ತಂದೆ ಎಂದು ಕೇಳುತ್ತಾರೆ. ಆಮೇಲೆ, ಭಟ್ಟರಿಗೆ ಅದು ಏಕೆ ಗೊತ್ತಾಗಲಿಲ್ಲ ಎಂದೂ ಕೇಳುತ್ತಾರೆ. ಒಂದು ಸತ್ಯ ಹೇಳಿದರೆ ಎರಡು ಹೊರಬೀಳುತ್ತಿದ್ದವು, ಒಂದು ನನ್ನದು, ಇನ್ನೊಂದು ಅವರದು. ಅವರದನ್ನು ಕಾಪಾಡಲು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಕೈ ತೊಳೆಯುವ ಜಾಗದಲ್ಲಿ ಹಳೆಯ ಸರ್ವರ್ ನನ್ನ ಪಕ್ಕ ಬಂದು ನಿಂತ.

“ಎಷ್ಟು ದಿನದಿಂದ?” ಎಂದೆ.

“ಮೂರು ವರ್ಷ ಆಯ್ತು ಸಾರ್. ದಪ್ಪ ದನಿ ಸ್ವಲ್ಪ ಕೇಳ್ತದೆ. ಉಳಿದದ್ದು ನಾನು ಬೆರಳಲ್ಲಿ ಹೇಳ್ತೇನೆ.” ಎದೆಯ ಹತ್ತಿರ ಕೈಯಿಟ್ಟು ತೋರಿಸಿದ. ಎಷ್ಟು ಬೆರಳೋ ಅಷ್ಟು ಕಾಫಿ, ಮುಷ್ಟಿ ಹಿಡಿದರೆ ಸ್ಟ್ರಾಂಗ್, ಹೆಬ್ಬೆರಳು ಮಡಿಸಿದರೆ ಸಕ್ಕರೆ ಇಲ್ಲ. ಉಳಿದ ಮೂವರು ಸರ್ವರ್‌ಗಳಿಗೂ ಅವನೇ ಕಲಿಸಿದ್ದನಂತೆ, ಹೋಟೆಲಿನ ರಿವಾಜು ಎಂದು ಹೇಳಿ. ವರ್ಷಗಟ್ಟಲೆ ನೋಡಿದ್ದರೂ ಅದು ಅವರ ಕೈಯ ಅಭ್ಯಾಸ ಎಂದು ತಿಳಿದಿದ್ದೆ.

“ನೀವು ಹೀಗೆ ಮಾಡ್ತಿರೋದು ಭಟ್ರಿಗೆ ಗೊತ್ತಾ?”

“ಅದನ್ನು ಅವರೂ ಹೇಳುದಿಲ್ಲ, ನಾನೂ ಹೇಳುದಿಲ್ಲ ಸಾರ್. ಧಣಿಗೆ ಗೊತ್ತಾದ್ರೆ ಟ್ರಂಕು ಕಟ್ಟಬೇಕಾಗ್ತದೆ. ನೀವು ಆ ಶಿಳ್ಳೆ ಮಾತ್ರ ಇನ್ನೊಮ್ಮೆ ಹಾಕಬೇಡಿ.”

ಮಾರನೆಯ ದಿನ ಗೂಡಿನ ಪಂಚಾಂಗಗಳನ್ನು ಒತ್ತರಿಸಿ ಸೋದರಮಾವನನ್ನು ಪ್ರತಿಷ್ಠಾಪಿಸಿದೆ. ರೇಡಿಯೋದ ಸ್ವಂತ ದನಿಯನ್ನು ಮುಚ್ಚಿ, ಎಲ್ಲವೂ ಗೂಡಿನ ಪೆಟ್ಟಿಗೆಗೇ ಹೋಗುವಂತೆ ನಾನೇ ಏರ್ಪಾಡು ಮಾಡಿದೆ. ಧಣಿಗಳು ಕುಂಕುಮ ಹಚ್ಚಿದರು. ಭಟ್ಟರು ಕಿಂಡಿಯಿಂದ ತಲೆ ಹೊರಗೆ ಹಾಕಿ, ಕತ್ತು ಮೇಲೆತ್ತಿ, ತಾವು ಆರಿಸಿದ್ದನ್ನು ನೋಡಿದರು. ಅವರ ತಲೆಗೂ ಅದಕ್ಕೂ ಎರಡಡಿಯ ಅಂತರ.

ಜನ ನಿಜವಾಗಿಯೂ ಹೆಚ್ಚಾದರು. ಸ್ಪೀಕರ್ ಗೊಣಗುತ್ತಿದ್ದರೂ ಸ್ಪೀಕರ್ ಇದೆಯಲ್ಲ ಎಂಬ ಮರ್ಯಾದೆ. ಧಣಿಗಳು ಇನ್ನೂ ಇಬ್ಬರು ಸರ್ವರ್‌ಗಳನ್ನು ಸೇರಿಸಿಕೊಂಡರು. ಅವರು ಬೇರೆ ಹೋಟೆಲುಗಳಲ್ಲಿ ಪಳಗಿದವರು. ಎರಡೂ ಕೈಗಳಲ್ಲಿ ತಟ್ಟೆ ಹೊತ್ತು, ಬೆನ್ನು ತಿರುಗಿಸಿಕೊಂಡೇ ಕೂಗಿ ಹೋಗುವವರು. ಬೆರಳ ರಿವಾಜನ್ನು ಕಲಿಸಲು ಹೋದ ಹಳೆಯ ಸರ್ವರನ್ನು, ನಾವೇನು ಮೂಗರಾ ಅಣ್ಣಾ ಎಂದು ಕೇಳಿದರು. ಮೇಲಿನಿಂದ ಸೋದರಮಾವನ ಗುಂಯ್‌ಗುಟ್ಟುವಿಕೆ, ಎದುರಿನಿಂದ ಬೆನ್ನುಗಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಕಿಂಡಿಯಲ್ಲಿ ಕಾಫಿ ತಪ್ಪಿತು. ಹೇಳದವರಿಗೆ ಎರಡು ಬಂತು, ಹೇಳಿದವರಿಗೆ ಬರಲೇ ಇಲ್ಲ. “ಇವಕ್ಕೆ ಕೂಗ್ಲಿಕ್ಕೆ ಬರುದಿಲ್ಲ,” ಎನ್ನುತ್ತಿದ್ದರು ಭಟ್ಟರು. ಅವಲಕ್ಕಿಯ ಮಾತು ಆಡುತ್ತಿರಲಿಲ್ಲ. ನಾನು ಕಾಫಿ ಕುಡಿಯುತ್ತ ಅವರ ಕಣ್ಣುಗಳನ್ನು ನೋಡುತ್ತಿದ್ದೆ. ಯಾರೂ ಏನೂ ಕೂಗದಿದ್ದಾಗಲೂ ಅವು ಒಂದೊಂದು ಬಾಯಿಯ ಮೇಲೂ ಕೂತು ಏಳುತ್ತಿದ್ದವು, ಜಾಗ ಸಿಗದ ನೊಣದ ಹಾಗೆ...

ನಾನು ಧಣಿಗಳ ಹತ್ತಿರ ಹೋದೆ. ಆ ಪೆಟ್ಟಿಗೆಯಲ್ಲಿ ಒಂದು ದೋಷವಿದೆ, ಬದಲಾಯಿಸಿ ಕೊಡುತ್ತೇನೆ ಎಂದೆ.

“ಎಂತ, ಅಗ್ಗದ್ದು ಮಾರಿದ್ದಕ್ಕೆ ಹೊಟ್ಟೆ ಉರೀತದಾ?”

“ಅದೇ ರೇಟಿಗೆ ಎರಡನೇದನ್ನ ಕೊಡ್ತೀನಿ ಧಣಿ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಜಾಸ್ತಿ ಬೆಲೆಯದ್ದನ್ನು ಕಮ್ಮಿಗೆ ಕೊಡ್ತೇನೆ ಅಂತೀರಿ. ಹಾಗಾದ್ರೆ ಅದರಲ್ಲೇ ಏನೋ ಐಬು ಉಂಟು. ನಮ್ಮ ಭಟ್ರು ಸುಮ್ಮನೆ ಅದನ್ನು ಬೇಡ ಅಂದದ್ದಾ?”

ಮಾರಾಟಗಾರನೊಬ್ಬ ನಿಜ ಹೇಳಲು ಹೊರಟರೆ ಅದನ್ನು ಇಡಲು ಲೋಕದಲ್ಲಿ ಪಾತ್ರೆಯೇ ಇಲ್ಲ ಎಂದು ಅಂದು ನನಗೆ ತಿಳಿಯಿತು. ಸುಳ್ಳನ್ನಾದರೆ ಯಾರು ಬೇಕಾದರೂ ತೆಗೆದಿಡುತ್ತಾರೆ.

ಭಟ್ಟರೊಬ್ಬರು ಮಾತ್ರ ಸ್ಪೀಕರಿನ ವಿಷಯದಲ್ಲಿ ಸುಖವಾಗಿದ್ದರು. ಬೆಳಿಗ್ಗೆ ಏಳೂಮುಕ್ಕಾಲಿಗೆ ವೀಣೆ ಬರುತ್ತಿತ್ತು. ಗಡಿಯಾರ ಅಲ್ಲಿಗೆ ಬಂದ ಕೂಡಲೇ ಅವರು ಕೈ ಒರೆಸಿಕೊಂಡು, ಕಿಂಡಿಯ ಹಲಗೆಯ ಮೇಲೆ ಎರಡು ಬೆರಳಿನಿಂದ ತಾಳ ಹಾಕಿ, ಎದುರಿಗಿದ್ದ ಗಿರಾಕಿಯನ್ನು ಹೇಗುಂಟು ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಭಟ್ರೇ ಎಂದು ಗಿರಾಕಿ ಹೇಳುತ್ತಿದ್ದ. ಇಡೀ ದಿನದಲ್ಲಿ ಅವರು ಹೆದರದೆ ಒಬ್ಬರ ಬಾಯನ್ನು ನೋಡುತ್ತಿದ್ದುದು ಆ ಒಂದು ಉತ್ತರಕ್ಕಾಗಿ ಮಾತ್ರ.

ಹದಿನೇಳನೆಯ ದಿನ ನಾನು ಒಂದು ನಿರ್ಧಾರಕ್ಕೆ ಬಂದೆ. ಪೆಟ್ಟಿಗೆಯನ್ನು ಬದಲಾಯಿಸಲು ಬಿಡುವುದಿಲ್ಲ, ಸರಿ. ಅದು ಸುಮ್ಮನಾದರೆ ಯಾರೇನು ಮಾಡುತ್ತಾರೆ? ಮೇಲಿನ ಸದ್ದು ನಿಂತರೆ ಭಟ್ಟರಿಗೆ ಕೇಳುವಷ್ಟಾದರೂ ಕೇಳೀತು. ಧೂಳು ಒರೆಸುವ ನೆವದಲ್ಲಿ ಸ್ಟೂಲು ಹತ್ತಿ, ಪೆಟ್ಟಿಗೆಯ ಹಿಂದಿನ ತಂತಿಯನ್ನು ಸಡಿಲಿಸಿದೆ. ಸೋದರಮಾವನ ಉಸಿರು ನಿಂತಿತು. ಹೋಟೆಲಿಗೆ ಹೋಟೆಲೇ ತಣ್ಣಗಾಯಿತು. ಸರ್ವರ್‌ಗಳ ಕೂಗು ಒಂದೊಂದೂ ಬಿಡಿಬಿಡಿಯಾಗಿ ಕೇಳತೊಡಗಿತು. ಹಳೆಯ ಸರ್ವರ್ ನನ್ನ ಕಡೆ ನೋಡಿ ಹುಬ್ಬು ಕುಣಿಸಿದ. ಹತ್ತು ಹನ್ನೆರಡು ನಿಮಿಷ ಕಾಫಿಗಳು ಸರಿಯಾಗಿಯೇ ಬಂದವು. ಅಷ್ಟು ಹೊತ್ತು ನಾನು ಪರೋಪಕಾರಿಯಾಗಿದ್ದೆ.

ಆಗ ಧಣಿಗಳಿಗೆ ಏನೋ ಕೊರತೆ ಕಂಡು ಗಲ್ಲಾದಿಂದ ಎದ್ದು ಬಂದರು. ಕಿಂಡಿಯ ಮುಂದೆ ನಿಂತು, ತಲೆಯೆತ್ತಿ ಸತ್ತ ಪೆಟ್ಟಿಗೆಯನ್ನು ನೋಡುತ್ತಿದ್ದರು. ಗಡಿಯಾರದಲ್ಲಿ ಏಳೂಮುಕ್ಕಾಲು. ಒಳಗಿನಿಂದ ಭಟ್ಟರು ಕೈ ಒರೆಸಿಕೊಂಡು ತಲೆ ಹೊರಗೆ ಹಾಕಿದರು. ಹಲಗೆಯ ಮೇಲೆ ಎರಡು ಬೆರಳು ತಾಳ ಹಾಕಿದವು.

“ಕೇಳಿದ್ರಾ ಧಣಿ, ಇವತ್ತು ವೀಣೆ ಎಷ್ಟು ಚಂದ ಬರ್ತಾ ಉಂಟು.”

ಒಂದು ಲೋಟ ಕೆಳಗಿಟ್ಟ ಸದ್ದು ಬೀದಿಯವರೆಗೆ ಕೇಳಿತು. ನಾನು ಸ್ಟೂಲಿನ ಪಕ್ಕದಲ್ಲೇ ನಿಂತಿದ್ದೆ, ಕೈಯಲ್ಲಿ ಧೂಳಿನ ಬಟ್ಟೆ. ಭಟ್ಟರ ಬೆರಳುಗಳು ತಾಳ ತಪ್ಪದೆ ಬಡಿಯುತ್ತಿದ್ದವು. ಧಣಿಗಳು ಪೆಟ್ಟಿಗೆಯಿಂದ ಕಣ್ಣು ಇಳಿಸಿ ಭಟ್ಟರನ್ನು ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ತುಟಿಗಳನ್ನು ನಿಧಾನವಾಗಿ, ಅಗಲವಾಗಿ ತೆರೆದು ಹೇಳಿದರು:

“ಹೌದು ಭಟ್ರೆ. ಚಂದ ಉಂಟು.”

ಅವರನ್ನು ಕೆಟ್ಟವರೆಂದು ಬರೆಯಲು ನನ್ನಿಂದ ಆಗುವುದಿಲ್ಲ. ಬರೆಯಲು ಸಾಧ್ಯವಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಮಧ್ಯಾಹ್ನ ನನ್ನನ್ನು ಕರೆಸಿ, “ಹಿಂದಿನಿಂದ ಕುದಿಯುವ ಹಾಲು ಹೊತ್ತು ಬಂದವ, ಸರೀರಿ ಅಂದ್ರೆ ಸರೀಬೇಕಲ್ಲ ಮಾರಾಯ್ರೆ. ನಾಳೆ ಮೈಮೇಲೆ ಬಿದ್ರೆ ಯಾರು?” ಎಂದರು. ಬೇರೆ ಕೆಲಸ ಕೊಡಬಹುದಲ್ಲ ಎಂದೆ. “ಆ ಮನುಷ್ಯನನ್ನು ನಾನು ರುಬ್ಬುವ ಕಲ್ಲಿಗೆ ಕೂರಿಸುದಾ? ಅವರ ಎದುರು ಇನ್ನೊಬ್ಬ ಕಾಫಿ ಮಾಡುದಾ?” ತಂತಿಯನ್ನು ನಾನೇ ಸಡಿಲಿಸಿದ್ದು ಎಂದು ಹೇಳಬಹುದಿತ್ತು. ತಂತಿ ಮತ್ತೆ ಜೋಡಿಸಿದ್ದಕ್ಕೆ ಅವರು ನನಗೆ ಥ್ಯಾಂಕ್ಸ್ ಹೇಳಿದರು.

ಮೂರನೆಯ ದಿನ ಶಾಲು ಹೊದಿಸಿದರು. ತಟ್ಟೆಯಲ್ಲಿ ಹಣ್ಣು ಇಟ್ಟರು. ಭಟ್ಟರಿಗೆ ವಿಶ್ರಾಂತಿ ಬೇಕು ಎಂದು ಧಣಿಗಳು ಎಲ್ಲರಿಗೂ ಹೇಳಿದರು. ಕಿವಿಯ ಹೆಸರನ್ನು ಯಾರೂ ಎತ್ತಲಿಲ್ಲ. ಭಟ್ಟರು ಅಂದು ತಾವೇ ಎಲ್ಲರಿಗೂ ಕಾಫಿ ಮಾಡಿದರು. ಏನಾದರೂ ಬೇಕಿದ್ದರೆ ಕೇಳಿ ಎಂದದ್ದಕ್ಕೆ, ಒಂದೇ ಒಂದು ಕೇಳಿದರು.

“ಆ ಸ್ಪೀಕರ್ ಬದಲಾಯಿಸಬೇಡಿ ಧಣಿ. ಒಳ್ಳೆ ಮಾಲು.”

ಸಾಯಂಕಾಲ ಭಟ್ಟರನ್ನು ಮಂಗಳೂರು ಮೇಲ್ ರೈಲಿಗೆ ಹತ್ತಿಸಲು ಹಳೆಯ ಸರ್ವರೂ ನಾನೂ ಸೆಂಟ್ರಲ್ ಸ್ಟೇಷನ್ನಿಗೆ ಹೋದೆವು. ಸರ್ವರ್ ಕೂಜೆಗೆ ನೀರು ತುಂಬಿಸಲು ಹೋದ. ಭಟ್ಟರು ಕಿಟಕಿಯ ಆಚೆ ಕೂತಿದ್ದರು, ಎದೆಯಿಂದ ಮೇಲಕ್ಕೆ ಮಾತ್ರ ಕಾಣುತ್ತ, ಎಂದಿನ ಹಾಗೆ. ಹೇಳಿಬಿಡಬೇಕೆಂದೇ ನಾನು ಬಂದಿದ್ದೆ. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಹೇಳಿದರೆ ಅವರಿಗೆ ತಿಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ನಾನು ಮುಖವನ್ನು ಆಚೆ, ಎಂಜಿನ್ ಕಡೆಗೆ ತಿರುಗಿಸಿದೆ. “ಭಟ್ರೇ, ಆ ಸ್ಪೀಕರ್ ಹಾಳಾದದ್ದು. ಯಾರೂ ಆರಿಸಬಾರದು ಅಂತಲೇ ನಾನು ತಂದಿದ್ದು. ತಂತಿ ಕಿತ್ತಿದ್ದೂ ನಾನೇ,” ಎಂದು ಗಟ್ಟಿಯಾಗಿಯೇ ಹೇಳಿದೆ. ಪಕ್ಕದ ಕಿಟಕಿಯ ಹೆಂಗಸು ನನ್ನನ್ನು ತಿರುಗಿ ನೋಡಿದಳು.

ಮತ್ತೆ ಅವರ ಕಡೆ ತಿರುಗಿದೆ.

“ಎಂತ ಹೇಳಿದ್ರಿ?” ಎಂದರು ಭಟ್ಟರು.

“ಹುಷಾರಾಗಿ ಹೋಗಿ ಬನ್ನಿ ಅಂದೆ.”

“ಹಾಂ. ಕೇಳಿತು,” ಎಂದರು.

ಆರೇಳು ತಿಂಗಳ ಮೇಲೆ ಧಣಿಗಳಿಗೆ ಭಟ್ಟರಿಂದ ಒಂದು ಕಾರ್ಡು ಬಂತು. ಯಾರ ಕೈಯಲ್ಲೋ ಬರೆಸಿದ್ದು. ಕ್ಷೇಮ ಸಮಾಚಾರದ ನಂತರ ಒಂದೇ ಪ್ರಶ್ನೆ, ಸ್ಪೀಕರ್ ಸರಿಯಾಗಿ ಹಾಡುತ್ತಿದೆಯೇ ಎಂದು. ಹಾಡುತ್ತಿದೆ ಎಂದು ಧಣಿಗಳು ಬರೆದರು. ಆಮೇಲೆ ಎಷ್ಟೋ ಕಾಲದ ಮೇಲೆ ಭಟ್ಟರ ಅಣ್ಣನ ಮನೆಯಿಂದ ಇನ್ನೊಂದು ಕಾರ್ಡು ಬಂತು, ಅಂಚಿಗೆ ಕಪ್ಪು ಗೀಟು ಎಳೆದದ್ದು. ಹಳೆಯ ಸರ್ವರ್ ಅದನ್ನು ನನಗೆ ತೋರಿಸಿ, ಎದೆಯ ಹತ್ತಿರ ಒಂದು ಬೆರಳು ಎತ್ತಿ, ಮುಷ್ಟಿ ಹಿಡಿದ. ಒಂದು, ಸ್ಟ್ರಾಂಗ್. ಹೊಸ ಕಾಫಿ ಭಟ್ಟರು ಕಿಂಡಿಯಿಂದ, ಏನಯ್ಯಾ, ಬಾಯಿ ಬಿಟ್ಟು ಹೇಳಬಾರದಾ ಎಂದರು...

ಆ ಹೋಟೆಲು ಈಗ ಇಲ್ಲ. ಅಲ್ಲಿ ಮೊಬೈಲ್ ಫೋನಿನ ಅಂಗಡಿಯಿದೆ.

ನಿನ್ನೆ ಮೊಮ್ಮಗಳು ಮತ್ತೆ ಬಂದು ಕೇಳಿದಳು. ಹಿಂದಿರುಗಿಸಲು ಅದೇ ಕಡೆಯ ದಿನವಂತೆ. ಏನೋ ಹಾಡು ಹಾಕಿದಳು. ನಾನು ಒಂದು ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಊರಿ ಕೂತೆ. ದನಿಯ ಮೇಲ್ಭಾಗ ಏನೂ ಇಲ್ಲದಂತಿತ್ತು, ಕೆಳಗಿನದಷ್ಟೇ ಕೈಗೆ ತಾಗುತ್ತಿತ್ತು. ಅದರಲ್ಲಿ ಸ್ಪೀಕರಿನ ದೋಷ ಎಷ್ಟು, ನನ್ನ ಕಿವಿಯ ದೋಷ ಎಷ್ಟು ಎಂದು ಹೇಳಬಲ್ಲವನು ನಾನಲ್ಲ. ಹೇಳಬಲ್ಲೆ ಎಂದುಕೊಂಡು ಸಂಬಳ ತೆಗೆದುಕೊಂಡ ಕಾಲ ಒಂದಿತ್ತು. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಚೆನ್ನಾಗಿದೆ, ಇಟ್ಟುಕೋ ಎಂದೆ. ಅವಳು ಇಟ್ಟುಕೊಂಡಳು.

ತಿರುವಲ್ಲಿಕೇಣಿಯ ಆ ಗೂಡಿನಲ್ಲಿ ಸ್ಪೀಕರ್ ಹನ್ನೊಂದು ವರ್ಷ ಇತ್ತು. ಭಟ್ಟರು ಅದರ ಕೆಳಗೆ ಇದ್ದದ್ದು ಹತ್ತೊಂಬತ್ತು ದಿನ.